ಲಿಲ್ಲೊನ ಚಮಚ

ಏಪ್ರಿಲ್ 5, 2006. ನೆತನ್ಯ, ಇಸ್ರೇಲ್

ಇವತ್ತು ದಾನ ಬಂದ ವಸ್ತುಗಳಿಗೆ ಹದಿನಾಲ್ಕು ಫಾರ್ಮ್ ತುಂಬಿದೆ. ಕೈಗವಸು ತೆಗೆಯದೆ ಚಹಾ ಕುಡಿಯಲು ಹೋದೆನೆಂದು ಮ್ಯೂಸಿಯಂನ ಮೇಲ್ವಿಚಾರಕಿ ಗಿಲಾ ನಕ್ಕರು. ಟ್ರೇನಿಂಗ್ ಮಾರ್ಕ್ಸ್ ಕೊಡುವವರು ಅವರೇ. ಫೇಲಾದರೆ ಫಸ್ಟ್ ಇಯರ್ ಮತ್ತೆ...

ಕೊನೆಯದು ಕಮೂನಾ ಬುಆರೋನ್ ಎಂಬ ಅಜ್ಜಿ ಕೊಟ್ಟ ಚಮಚ. ನಾಜಿಗಳ ಬೆರ್ಗೆನ್-ಬೆಲ್ಸೆನ್ ಶಿಬಿರದ್ದು. ಅಜ್ಜಿಯ ತಮ್ಮ ಲಿಲ್ಲೊನದು, ಅವನು ಅಲ್ಲೇ ತೀರಿಕೊಂಡ. ಗುಳಿಯಲ್ಲಿ ಕಪ್ಪು ಕರಕಲು. ಅರವತ್ತು ವರ್ಷ ತೊಳೆದಿಲ್ಲವಂತೆ. ಏನು ತಿಂದದ್ದೆಂದು ಲ್ಯಾಬ್ ನೋಡಲಿದೆ — ಹಬ್ಬದ ನಂತರ.

ಏಪ್ರಿಲ್ 10

ಗಿಲಾ ರಜೆ. ಕಮೂನಾ ಅಜ್ಜಿ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಚಮಚ ಕೊಡು ಮಗಳೇ. ಪೆಸಾಹ್ ಹಬ್ಬದ ಊಟಕ್ಕೆ ಪ್ರತಿ ವರ್ಷ ಲಿಲ್ಲೊ ಜಾಗದಲ್ಲಿ ಇಡ್ತೀನಿ. ಆಮೇಲೆ ನಿಮ್ಮದೇ."

"ಸಹಿ ಹಾಕಿಬಿಟ್ಟಿದ್ದೀರಲ್ಲ ಅಜ್ಜಿ. ರೂಲ್ಸ್ ಪ್ರಕಾರ..."

"ಇಂಗ್ಲಿಷ್ ಪಾಸ್‌ಪೋರ್ಟ್ ಇದೆ, ಶತ್ರುಗಳು ಅಂತ ನಮ್ಮನ್ನ ಲಿಬಿಯಾದ ಬೆಂಗಾಜಿಯಿಂದ ಎತ್ತಾಕ್ಕೊಂಡು ಹೋದ್ರು. ನಿಮ್ಮಮ್ಮ ಇಂಗ್ಲೆಂಡಿನವಳು ಅಂದಿದ್ದೆ, ಅವಳದೂ ಅದೇ ಪಾಸ್‌ಪೋರ್ಟ್ ತಾನೆ? ಈಗ ಅದಕ್ಕೆ ಯಾರೂ ಎತ್ತಾಕ್ಕೊಂಡು ಹೋಗಲ್ಲ, ಆದ್ರೂ ನೀನು ಒಂದು ಚಮಚಕ್ಕೆ ನಡುಗ್ತೀಯಲ್ಲ."

ನಾನು ಹಾಸ್ಟೆಲಿನಲ್ಲಿ ಬೆಳೆದವಳು. ದೊಡ್ಡವರು ಕೇಳಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಕೊಟ್ಟೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಏಪ್ರಿಲ್ 20, ಬೆಳಿಗ್ಗೆ 9

ಅಜ್ಜಿ ಚಮಚವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಬಿಚ್ಚಿದೆ. ಹೊಳೆಯುತ್ತಿತ್ತು. ಕರಕಲು ಇಲ್ಲ.

"ತೊಳೆದಿರಾ?"

"ಉಜ್ಜಿ, ಕಾದ ಕಲ್ಲು ಹಾಕಿ ಉಕ್ಕೋ ನೀರಲ್ಲಿ ಕುದಿಸ್ದೆ. ಪೆಸಾಹ್‌ನಲ್ಲಿ ಶುದ್ಧಿ ಮಾಡದ ಚಮಚದಲ್ಲಿ ಉಣ್ತಾರಾ ಯಾರಾದ್ರೂ?"

"ಬರೀ ಇಡ್ತೀನಿ ಅಂದಿರಲ್ಲ."

"ಇಷ್ಟು ವರ್ಷ ಇಟ್ಟೆ. ಇನ್ಮೇಲೆ ನಿಮ್ಮ ಗಾಜಿನ ಪೆಟ್ಟಿಗೆ. ಅವನು ಕೊನೇಲಿ ಇದರಲ್ಲಿ ನೆಕ್ಕಿದ್ದು ಗಡ್ಡೆ ಬೇಯಿಸಿದ ನೀರು. ಒಂದ್ಸಲ ಇದಕ್ಕೆ ಊಟ ಅನ್ನೋದು ಮುಟ್ಟಲಿ ಅಂತ ಕುರಿ ಸಾರು ಬಡಿಸ್ಕೊಂಡು ಇದರಲ್ಲೇ ಉಂಡೆ. ಎರಡು ಸಲ ಹಾಕಿಸ್ಕೊಂಡೆ."

ಹೋದರು.

9.40

ಲ್ಯಾಬಿನವರು ಹನ್ನೊಂದಕ್ಕೆ. ಫಾರ್ಮಿನಲ್ಲಿ ‘ಕರಕಲು ಇದೆ’ ಎಂದು ನನ್ನದೇ ಅಕ್ಷರ. ಪೆನ್ಸಿಲ್; ರಬ್ಬರ್ ಸಾಕು. ಬಂದಾಗಲೇ ಹೊಳೆಯುತ್ತಿತ್ತು ಎಂದು ಬರೆದರೆ ನಾನು ಪಾಸ್. ಆದರೆ ಅಜ್ಜಿ ಅರವತ್ತು ವರ್ಷ ತೊಳೆಯದೆ ಇಟ್ಟದ್ದು ಸುಳ್ಳಾಗುತ್ತದೆ.

ಅಳಿಸಲಿಲ್ಲ. ಕೆಳಗೆ ಬರೆದೆ: ಹಬ್ಬಕ್ಕೆ ಕೊಟ್ಟವಳು ನಾನು. ಶುದ್ಧಿಯಾಗಿ ಬಂದಿದೆ. ಒಂದು ಊಟಕ್ಕೆ ಬಳಕೆ — ಕುರಿ ಸಾರು. ಸಹಿ.

ಗಿಲಾ ಬಂದರು. ಫಾರ್ಮ್ ಎತ್ತಿಕೊಂಡಿದ್ದಾರೆ. ನಿಂತೇ ಓದುತ್ತಿದ್ದಾರೆ. ಕನ್ನಡಕ ತೆಗೆದು ನನ್ನನ್ನು ಕರೆಯುತ್ತಿದ್ದಾರೆ—