ಹಾಸಿಗೆ ತುಂಬಿಸಿದವಳ ದೂರು

ಜಿಲ್ಲಾ ಆರೋಗ್ಯ ಅಧಿಕಾರಿಗಳಾದ ಮಾನ್ಯರೇ,

ನಿಮ್ಮ ಮಾತು ನಂಬಿದ್ದಕ್ಕೆ ನನ್ನ ಅಕ್ಕನ ಮಗಳು ರಂಜಿನಿ ಚೊಚ್ಚಲ ಕೂಸನ್ನು ಕಳೆದುಕೊಂಡಳು. ನಂಬಿದವಳು ಅವಳಲ್ಲ, ನಾನು. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಗುಟ್ಟಾಗಿ ಕಳಿಸದೆ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದ ವಾರ ದೊಡ್ಡಗಾಜನೂರಿನಲ್ಲಿ ನೀವು ನಡೆಸಿದ ಸಭೆ ನೆನಪಿದೆಯೇ? ನೀವು ತಮಿಳಿನಲ್ಲಿ ಹೇಳಿದಿರಿ, ಮಹಿಳಾ ಸಂಘದವಳಾದ ನಾನು ಹೆಂಗಸರಿಗೆ ಕನ್ನಡದಲ್ಲಿ ತಿಳಿಸಿದೆ. ಎಂಥ ಘನವಾದ ಪದಗಳು! ‘ಹಾಸಿಗೆ ಬಳಕೆಯ ಪ್ರಮಾಣ’ ಎಂದಿರಿ. ಬೆಟ್ಟದ ಬಸುರಿಯರೆಲ್ಲ ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ ಹೆರಿಗೆಗೆ ಹೋಗುವುದರಿಂದ ನಮ್ಮ ಸರ್ಕಾರಿ ಆಸ್ಪತ್ರೆಯ ಹಾಸಿಗೆಗಳು ಖಾಲಿ ಬಿದ್ದಿವೆ, ಖಾಲಿ ಹಾಸಿಗೆಗೆ ಅನುದಾನ ಸಿಗುವುದಿಲ್ಲ ಎಂದು ವಿವರಿಸಿದಿರಿ. ಹೆರಿಗೆ ಡಾಕ್ಟರ ಹುದ್ದೆ ‘ಮಂಜೂರಾಗಿದೆ, ಭರ್ತಿಯೂ ಆಗಿದೆ’ ಎಂದಿರಿ. ನಾನು ಒಂದಕ್ಷರ ಬಿಡದೆ ಹೇಳಿದೆ. ಸಾಲದೆಂದು ಮನೆಮನೆಗೂ ಹೋಗಿ ಹೇಳಿದೆ.

ಗೆಟ್ಟವಾಡಿಗೆ ಮದುವೆಯಾಗಿದ್ದ ರಂಜಿನಿ ಹೆರಿಗೆಗೆಂದು ತವರಿಗೆ ಬಂದಿದ್ದಳು. “ಚಿಕ್ಕವ್ವ, ನಾ ಚಾಮ್ರಾಜ್‌ನಗರಕ್ಕೇ ಓಯ್ತೀನಿ. ಅಲ್ಲಿ ಡಾಕ್ಟ್ರು ಮೊದ್ಲಿಂದ ನೋಡವ್ರೆ,” ಅಂದಳು. “ಎಲ್ಲಾರೂ ಅಂಗೇ ಓದ್ರೆ ನಮ್ ಆಸ್ಪತ್ರೆ ಉಳ್ಕಂಡದಾ ಕಣಮ್ಮಿ? ಸುಮ್ನೆ ಬಾ,” ಎಂದು ಗದರಿಸಿದವಳು ನಾನೇ.

ಮೇ ತಿಂಗಳಲ್ಲಿ ನೋವು ಬಂತು. ಕೂಸು ಅಡ್ಡ ತಿರುಗಿತ್ತು. ಆಸ್ಪತ್ರೆಯಲ್ಲಿದ್ದದ್ದು ನರ್ಸ್ ಲೋಕೇಶ್ವರಿ ಒಬ್ಬಳೇ. “ಡಾಕ್ಟ್ರು ಡೆಪ್ಯುಟೇಷನ್ ಮ್ಯಾಲೆ ಗಟ್ಟದ ಕೆಳಗಿನ ಆಸ್ಪತ್ರೆಗೆ ಓಗಿ ಏಳು ತಿಂಗ್ಳಾಯ್ತು ಅಕ್ಕ. ಎಸ್ರು ಮಾತ್ರ ಇಲ್ಲೇ ಅದೆ,” ಎಂದು ಅತ್ತುಬಿಟ್ಟಳು. ಚಾಮರಾಜನಗರಕ್ಕೆ ಬಿಡಪ್ಪಾ ಎಂದು ಆಂಬುಲೆನ್ಸ್‌ನವನಿಗೆ ಕೈಮುಗಿದೆ. ಗಡಿ ದಾಟಲು ತನಗೆ ಆದೇಶವಿಲ್ಲ ಎಂದು ಘಟ್ಟ ಇಳಿಯುವ ದಾರಿ ಹಿಡಿದ. ದಿಂಬಂ ಘಟ್ಟದ ತಿರುವಿನಲ್ಲಿ ಕಬ್ಬಿನ ಲಾರಿ ಅಡ್ಡ ನಿಂತಿತ್ತು. ಎರಡು ಗಂಟೆ ಕಾದೆವು. ಕೆಳಗೆ ಮುಟ್ಟುವ ಹೊತ್ತಿಗೆ ಕೂಸಿನ ಎದೆಬಡಿತ ನಿಂತಿತ್ತು. “ನೀ ಏಳ್ದೆ ಅಂತ ಬಂದೆ ಚಿಕ್ಕವ್ವ,” ಅಂದಳು ರಂಜಿನಿ.

ಮಾನ್ಯರೇ, ಡಾಕ್ಟರು ಹೋಗಿ ಆಗ ಏಳು ತಿಂಗಳು. ನಿಮ್ಮ ಸಭೆ ನಡೆದು ನಾಲ್ಕು ತಿಂಗಳು. ಅಂದರೆ ‘ಭರ್ತಿಯಾಗಿದೆ’ ಎನ್ನುವಾಗ ನಿಮಗೆ ಎಲ್ಲ ಗೊತ್ತಿತ್ತು! ಅವರನ್ನು ಕಳಿಸಿದ ಆದೇಶಕ್ಕೆ ರುಜು ಹಾಕಿದವರೇ ನೀವಲ್ಲವೇ? ಈಗ ಹಾಸಿಗೆ ಬಳಕೆ ಏರಿದೆಯೆಂದು ಆಸ್ಪತ್ರೆಯ ಗೋಡೆಗೆ ಹಾಳೆ ಅಂಟಿಸಿದ್ದೀರಿ. ರಂಜಿನಿ ನಲವತ್ತು ನಿಮಿಷ ನರಳಿದ ಹಾಸಿಗೆಯೂ ಆ ಲೆಕ್ಕದಲ್ಲಿದೆ. ಸಾಲದ್ದಕ್ಕೆ, ಬೇರೆ ಆಸ್ಪತ್ರೆಗೆ ಸಾಗಿಸಿದವರ ಪಟ್ಟಿಯಲ್ಲಿ ಅವಳು ‘ಯಶಸ್ವಿ ರೆಫರಲ್’ ಅಂತೆ. ಯಶಸ್ಸು ಯಾರದು ಸ್ವಾಮಿ? ನಿಮ್ಮ ಮೇಲೆ ನನಗೆ ಬಂದಿರುವುದು ಬರೀ ಸಿಟ್ಟಲ್ಲ. ನನ್ನ ಬಾಯಿಂದಲೇ ನನ್ನವರಿಗೆ ಸುಳ್ಳು ಹೇಳಿಸಿದಿರಲ್ಲ, ಆ ಅಸಹ್ಯ.

ಆ ಡೆಪ್ಯುಟೇಷನ್ ರದ್ದು ಮಾಡಿ, ಡಾಕ್ಟರನ್ನು ವಾಪಸು ಕಳಿಸಿ. ರಂಜಿನಿಯನ್ನು ನಿಮ್ಮ ಯಶಸ್ಸಿನ ಪಟ್ಟಿಯಿಂದ ತೆಗೆಯಿರಿ. ಅಲ್ಲಿಯವರೆಗೆ ಸುತ್ತಲ ಹಳ್ಳಿಗಳ ಹದಿಮೂರು ಬಸುರಿಯರನ್ನು ನಾನೇ ಚಾಮರಾಜನಗರದ ಬಸ್ಸು ಹತ್ತಿಸುತ್ತೇನೆ. ನಿಮ್ಮ ಪ್ರಮಾಣ ಇಳಿದರೆ ಇಳಿಯಲಿ. ರಂಜಿನಿ ಘಟ್ಟದಿಂದ ಬಂದ ಮೇಲೆ ನನ್ನೊಡನೆ ಒಂದು ಮಾತೂ ಆಡಿಲ್ಲ.

ಇಂತಿ,
ನಿಮ್ಮನ್ನು ನಂಬಿ, ಊರನ್ನೂ ನಂಬಿಸಿದ ತಪ್ಪಿತಸ್ಥೆ
ಮಂಗಳಗೌರಿ, ಪಣಕಹಳ್ಳಿ