ಮಳವಳ್ಳಿ ಪಾರ್ಕಿನ ಎದುರುಬದುರು ಬೆಂಚು

ಪ್ರೀತಿಯ ದೊಡ್ಡಮ್ಮ,

ಮಳವಳ್ಳಿಗೆ ಬಂದ ಮೇಲೆ ಶೀತ ವಾಸಿಯಾಗಿದೆ, ಮುದ್ದೆ ನುಂಗುವುದನ್ನೂ ಕಲಿತೆ. ಜನ ಕೂತು ಮಾತಾಡುವಂಥ ಬೆಂಚುಗಳನ್ನು ಇಲ್ಲಿನ ಪಾರ್ಕಿಗೆ ಮಾಡಿಕೊಡುವುದು ನನ್ನ ಕೆಲಸ. ಕೆಂಪಯ್ಯ, ಸಿದ್ದರಾಮು ಎಂಬ ಬೀಗರಿಬ್ಬರು ದಿನಾ ಬರುತ್ತಾರೆ. ಬೀಗರೂಟದಲ್ಲಿ ಕೆಂಪಯ್ಯ ಬರೀ ಮೂಳೆ ಬಡಿಸಿದರೆಂದು ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ನಿನ್ನೆ ಎರಡು ಬೆಂಚನ್ನು ಮಂಡಿ ತಗಲುವಷ್ಟು ಹತ್ತಿರ ಎದುರುಬದುರು ಹಾಕಿಸಿ, ಉಳಿದವಕ್ಕೆಲ್ಲ ಬೇಕಂತಲೇ ಬಣ್ಣ ಬಳಿಸಿದೆ. ಬೇರೆ ದಾರಿಯಿಲ್ಲದೆ ಕೂತರು. ಅರ್ಧ ಗಂಟೆ ಇಬ್ಬರೂ ಆಕಾಶ ನೋಡಿದರು.

“ಮಂಡಿ ಅತ್ಲಾಗ್ ತಗಿಲಾ,” ಎಂದರು ಕೆಂಪಯ್ಯ.

“ಮೂಳೆ ಬಡಿಸ್ದೋನು ನೀನು, ನೀನೇ ತಗಿ ಕಣ್ಲಾ,” ಎಂದರು ಸಿದ್ದರಾಮು.

ಕತ್ತಲಾಗುವವರೆಗೂ ಜಗಳ. ಹೊಡೆದಾಡುತ್ತಾರೇನೋ ಎಂದು ನಾನೇ ಹೆದರಿದೆ. ಏಳುವಾಗ ಕೆಂಪಯ್ಯ ಅಂದರು: “ನಾಳೆ ಬೇಗ್ನೆ ಬಾ, ಇನ್ನೂ ಮುಗ್ದಿಲ್ಲ.”

ಅಂಚೆಯಣ್ಣ ಕಾಯುತ್ತಿದ್ದಾನೆ, ಇಷ್ಟೇ.

ನಿನ್ನ
ಅನು