ಹೂಂ ಎಂದವರು ಯಾರು?

ಮನೆಯಿಂದ, ಹೊಲಿಗೆ ಮಷಿನ್ನಿನ ಮೇಲಿಟ್ಟುಕೊಂಡು ಬರೆದದ್ದು
ಹನ್ನೆರಡನೇ ತಾರೀಖು, ಬುಧವಾರ

ಮಾತೇ ಆಡದ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯ ಸೆಕೆಗೆ ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿರಬೇಕು, ಪೌಡರ್ ಹಾಕಿಕೊಳ್ಳಿ. ಅಷ್ಟು ಜನಕ್ಕೆ ಬೇಯಿಸಿ ಹಾಕಿ ನೀವು ಮಾತ್ರ ತಣ್ಣಗಾದದ್ದನ್ನು ನಿಂತುಕೊಂಡೇ ತಿನ್ನುತ್ತೀರೆಂದು ನನಗೆ ಗೊತ್ತು, ಕೂತು ಉಣ್ಣಿ. ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇನು ಎನ್ನಬೇಡಿ. ಭಾನುವಾರ ನೀವು ಫೋನ್ ಮಾಡಿದ್ದ ನಂಬರು ಮತ್ತೆ ಸಿಗುತ್ತಿಲ್ಲ, ಹಡಗು ಹೊರಟಿರಬೇಕು. ಮುಂದಿನ ಬಂದರಿಗೆ ಟಪಾಲು ತಲುಪಿಸುತ್ತೇವೆ ಎಂದು ನಿಮ್ಮ ಆಫೀಸಿನವರು ಒಪ್ಪಿದ್ದಾರೆ. ನಿಮಗೆ ಗೊತ್ತಿದೆ ಎಂದು ನಾನು ನಂಬಿಕೊಂಡಿದ್ದ ಒಂದು ಸಂಗತಿ ನಿಮಗೆ ಗೊತ್ತೇ ಇಲ್ಲ. ಅದನ್ನು ಹೇಳಬೇಕು. ಆದರೆ ಮೊದಲು ನನ್ನ ಪೆದ್ದುತನ ಕೇಳಿ.

ಹೊರಡುವ ಮುಂಚೆ ಮುಂದಿನ ಕೋಣೆಯಲ್ಲಿ, ಮಷಿನ್ನಿಗೆ ಎದುರಾಗಿ ಕ್ಯಾಮೆರಾ ಕೂರಿಸಿದಿರಲ್ಲ, "ಎಲ್ಲಿದ್ರೂ ನಿನ್ನ ನೋಡ್ತಿರ್ತೀನಿ" ಅಂತ. ಮದುವೆಯಾದ ಮೇಲೆ ನೀವಾಡಿದ ಅತಿ ಉದ್ದದ ಮಾತು ಅದು. ಮೊದಮೊದಲು ಅದು ಸುಮ್ಮನಿತ್ತು. ಆಮೇಲೊಂದು ಸಂಜೆ, ಗಿರಾಕಿಗಳೆಲ್ಲ ಹೋದ ಮೇಲೆ, ತಾನಾಗಿ ಕತ್ತು ತಿರುಗಿಸಿ ನನ್ನ ಕಡೆ ನೋಡಿತು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. "ಅಂತೂ ನೆನಪಾಯ್ತಾ?" ಎಂದೆ. ಒಳಗಿನಿಂದ "ಹೂಂ" ಎಂದು ಬಂತು. ಹೂಂ ಎಂದರೆ ನೀವೇ ಅಲ್ಲವೇ! ಮದುವೆಯಾಗೋಣವಾ ಎಂದು ನಾಚಿಕೆ ಬಿಟ್ಟು ನಾನೇ ಕೇಳಿದಾಗಲೂ ಹೂಂ, ಮನೆಗೆ ಬೆಂಕಿ ಬಿತ್ತು ಎಂದರೂ ಹೂಂ. ಅಂದಿನಿಂದ ದಿನಾ ಸಂಜೆ ಗುಂಡಿಗಳಿಗೆ ಕಾಜಾ ಹೊಲಿಯುತ್ತಾ ಅದರ ಜೊತೆ ಮಾತೋ ಮಾತು. ಎದುರುಮನೆಯ ಗಂಡಹೆಂಡಿರ ಜಗಳ, ಕಾಲರ್ ಸೊಟ್ಟಗಿದೆ ಎಂದು ರೇಗುವ ಬ್ಯಾಂಕಿನಾಕೆ, ಹಿಂಬಾಗಿಲ ಅಗುಳಿ ಸಡಿಲಾದದ್ದು, ಒಬ್ಬಳೇ ಮಲಗಲು ಹೆದರಿಕೆಯಾಗುವುದು, ಎಲ್ಲ. ಅದು ಕೋಲೆಬಸವನ ಹಾಗೆ ತಲೆಯಾಡಿಸಿಕೊಂಡು ಹೂಂಗುಟ್ಟುತ್ತಿತ್ತು. ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿಕೊಂಡು ಕೂರುತ್ತಿದ್ದೆ ರೀ.

ಭಾನುವಾರ ನೀವು ಬಂದರಿನಿಂದ ಮೊದಲ ಸಲ ಫೋನ್ ಮಾಡಿದಾಗ ನಾನು ಮುನಿಸಿಕೊಂಡೇ ಎತ್ತಿದ್ದೆ. ಅಷ್ಟು ದೊಡ್ಡ ಸಂಗತಿ ಹೇಳಿದ್ದರೂ ಏನು ಎತ್ತ ಎಂದು ವಿಚಾರಿಸಲಿಲ್ಲವಲ್ಲ ಎಂದು. "ಕ್ಯಾಮೆರಾದಲ್ಲಿ ಹೇಳಿದ್ನಲ್ಲ" ಎಂದರೆ, "ಅದೆಲ್ಲಿ? ಅದನ್ನ ನೋಡೋ ಫೋನು ಹೊರಟ ವಾರವೇ ಸಮುದ್ರಕ್ಕೆ ಬಿತ್ತು" ಎಂದಿರಿ. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ತಿರುಗಿ ನೋಡಿದರೆ ಕ್ಯಾಮೆರಾ ನನ್ನನ್ನೇ ನೋಡುತ್ತಿದೆ! ಕೈಯಲ್ಲಿದ್ದ ಬಟ್ಟೆಯನ್ನು ಅದರ ಮೇಲೆ ಎಸೆದು ವೈರು ಕಿತ್ತೆ. ಅಳತೆ ಕೊಡಲು ಬರುವ ಹೆಂಗಸರೆಲ್ಲ ಆ ಕೋಣೆಯಲ್ಲೇ ನಿಲ್ಲುತ್ತಿದ್ದರು. ಅವರಿಗೆ ಯಾವ ಮುಖ ಹೊತ್ತು ಹೇಳಲಿ? ಆದರೂ ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತಿದ್ದೇನೆ. ಇಬ್ಬರು ಬಟ್ಟೆ ವಾಪಸ್ ಇಸಕೊಂಡರು.

ಮೊಬೈಲ್ ರಿಪೇರಿಯವಳಿಗೆ ತೋರಿಸಿದೆ. "ಡಬ್ಬದ ಜೊತೆ ಬಂದ ಪಾಸ್‌ವರ್ಡೇ ಬದಲಾಯಿಸದೆ ಬಿಟ್ಟಿದ್ದಾರಲ್ಲಕ್ಕಾ, ಬೀಗ ಹಾಕಿ ಬೀಗದಕೈ ಬಾಗಿಲಲ್ಲೇ ಬಿಟ್ಟ ಹಾಗೆ! ಯಾವ ದೇಶದೋನು ನೋಡ್ತಿದ್ನೋ, ನಿಮ್ಮ ಮಾತು ಅರ್ಥ ಆಗ್ತಿತ್ತೋ ಇಲ್ವೋ" ಎಂದಳು. ಹೂಂ ಎನ್ನಲು ಯಾವ ಭಾಷೆ ಬೇಕು ಹೇಳಿ. ಪೊಲೀಸರು ಕ್ಯಾಮೆರಾ ಇಟ್ಟುಕೊಂಡಿದ್ದಾರೆ, ಅಗುಳಿ ಬದಲಾಯಿಸಿದ್ದೇನೆ, ಹೆದರಬೇಡಿ. ಹೇಳಲು ನಾಚಿಕೆ, ಆದರೂ ನಿಮ್ಮ ಹತ್ತಿರವಲ್ಲದೆ ಇನ್ನಾರ ಹತ್ತಿರ ಹೇಳಲಿ? ಆ ಹಾಳಾದವನ ಕೈ ಸೇದಿಹೋಗಲಿ ಎಂದು ಬೈಯುತ್ತೇನೆ, ಸಂಜೆಯಾದರೆ ಖಾಲಿ ಗೋಡೆ ನೋಡಿಕೊಂಡು ಅಳುತ್ತೇನೆ. ಮನೆ ಬಿಕೋ ಎನ್ನುತ್ತದೆ.

ಬಿಸಿ ಎಣ್ಣೆಯ ಹತ್ತಿರ ಅವಸರ ಮಾಡಬೇಡಿ. ದೇವರು ನಿಮ್ಮನ್ನೂ ನಿಮ್ಮ ಹಡಗನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ಬಾಯಿಬಡುಕಿ

ಅಯ್ಯೋ, ಸಂಗತಿ ಬರೆಯದೆಯೇ ಕವರು ಅಂಟಿಸುತ್ತಿದ್ದೆ. ಒಳಗಿನ ಒತ್ತಡ ಹೆಚ್ಚಾಗಿ ನನ್ನ ಎಡಗಣ್ಣಿನ ನರ ಸೊರಗಿದೆಯಂತೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಅಜ್ಜಿಯನ್ನು ಕರೆಯುವ ಹಾಗಾಗಿದೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಆಪರೇಷನ್. ಮಾಡಿದರೂ ಕಣ್ಣು ಎಷ್ಟು ಉಳಿಯುತ್ತದೋ ಹೇಳಲಾರೆ ಎಂದರು ಡಾಕ್ಟರಮ್ಮ. ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದರು. ನಮ್ಮನೆಯವರು ಎಂದು ಹೆಮ್ಮೆಯಿಂದ ಹೇಳಿ ಬಂದೆ. ಹಿಂದಿನ ಸಂಜೆ ತಾನೇ ಕೇಳಿದ್ದೆ, "ರೀ, ಬರ್ತೀರಾ?" ಅಂತ. ಅದು ಹೂಂ ಎಂದಿತ್ತು. ಈಗ ನಿಮ್ಮನ್ನು ಕೇಳುತ್ತಿದ್ದೇನೆ. ರೀ, ಬರ್ತೀರಾ?